ಚಾಮುಂಡಿ ಬೆಟ್ಟದಲ್ಲಿ ಜುಟ್ಟಿನ ಗಿಡುಗ ಇದೆಯಾ? ಜೊತೆಗೆ ಅದರ ಹೆಸರು ಯಾಕೆ ಬದಲಾಯಿತು?

ಏರಿನಡಿಗೆ, ಮೈಸೂರು
ಎಲ್ಲರಿಗೂ ನಮಸ್ಕಾರ. ನಾನು ಹಕ್ಕಿ ನೋಡಲು ಶುರು ಮಾಡಿ ಮೂರು ವರ್ಷ ಆಯಿತು. ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ, ರಜಾ ದಿನ ಚಾಮುಂಡಿ ಬೆಟ್ಟ, ಇಷ್ಟೇ ನನ್ನ ಓಡಾಟ. ಆಷಾಢ ಮುಗಿದಿದ್ದರಿಂದ ನಿನ್ನೆ ಬೆಟ್ಟದಲ್ಲಿ ಜನ ಕಡಿಮೆ ಇದ್ದರು. ಬೆಳಿಗ್ಗೆ ಏಳೂವರೆ ಇರಬಹುದು. ನಂದಿ ಇನ್ನೂ ನೂರು ಮೆಟ್ಟಿಲು ಮೇಲಿತ್ತು. ಬಲಗಡೆ ಒಂದು ಒಣ ಕೊಂಬೆಯ ಮೇಲೆ ಗಿಡುಗ ಕೂತಿತ್ತು.

ಬೆನ್ನು ಕಂದು. ಎದೆ ಬಿಳಿ, ಅದರ ಮೇಲೆ ಕಂದು ಹನಿ ಸುರಿದ ಹಾಗೆ ಗೆರೆಗಳು. ಗಂಟಲಿನ ನಡುವೆ ಉದ್ದಕ್ಕೆ ಒಂದು ಕಪ್ಪು ಗೆರೆ. ತಲೆಯ ಹಿಂದೆ ಪುಕ್ಕ ಎದ್ದು ನಿಂತಿತ್ತು, ಅದನ್ನು ನಾನು ಸರಿಯಾಗಿ ನೋಡಿದೆ. ಎರಡು ನಿಮಿಷ ಕೂತು ಹಾರಿಹೋಯಿತು. ಕೂತಿದ್ದ ಫೋಟೋ ಎರಡು, ಹಾರುವಾಗಿನದು ಒಂದು ಹಾಕಿದ್ದೇನೆ. ಹಾರುವ ಫೋಟೋ ಸ್ವಲ್ಪ ಮಸುಕಾಗಿದೆ, ಕ್ಷಮಿಸಿ.

ಹಕ್ಕಿ ಗುರುತಿಸುವ ಆ್ಯಪ್ ಎರಡು ಗಿಡುಗದ ಹೆಸರು ತೋರಿಸಿತು: ಶಿಕ್ರಾ, ಕ್ರೆಸ್ಟೆಡ್ ಗಾಸ್‌ಹಾಕ್ ಅಂದರೆ ಜುಟ್ಟಿನ ಗಿಡುಗ. ಜುಟ್ಟು ಇದ್ದಿದ್ದರಿಂದ ನಾನು ಎರಡನೆಯದನ್ನು ಒತ್ತಿದೆ. ಇಲ್ಲಿ ಇದು ಅಪರೂಪ, ವಿವರ ಕೊಡಿ ಅಂತ ಕೇಳುತ್ತಿದೆ. ಇನ್ನೊಂದು ಗೊಂದಲವೂ ಇದೆ. ನನ್ನ ಪುಸ್ತಕದಲ್ಲಿ ಈ ಜುಟ್ಟಿನ ಗಿಡುಗದ ವೈಜ್ಞಾನಿಕ ಹೆಸರು ಅಕ್ಸಿಪಿಟರ್ ಟ್ರೈವಿರ್ಗೇಟಸ್. ಆ್ಯಪಿನಲ್ಲಿ ಲೋಫೋಸ್ಪೈಜಾ ಟ್ರೈವಿರ್ಗೇಟಾ. ಇವು ಎರಡು ಬೇರೆ ಹಕ್ಕಿಗಳಾ? ಇದು ಎಲ್ಲೆಲ್ಲಿ ಇದೆ, ನಮ್ಮ ಮೈಸೂರಿನವರೆಗೆ ಬರುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮಂಕರಿ, ಮಂಡ್ಯ
ಇದು ನಮ್ಮ ತೋಟದಲ್ಲೂ ಇದೆ ಸರ್. ಪಾಂಡವಪುರದ ಹತ್ತಿರ ನಮ್ಮೂರು. ಕಬ್ಬಿನ ಗದ್ದೆ ಪಕ್ಕ ಕೋಳಿ ಬಿಟ್ಟಿರುತ್ತೇವೆ. ಹೋದ ತಿಂಗಳಿಂದ ನಾಲ್ಕು ಮರಿ ಹೊತ್ತುಕೊಂಡು ಹೋಗಿದೆ. ನಮ್ಮ ತಾಯಿ ಮರಿಗಳ ಮೇಲೆ ಮಂಕರಿ ಕವುಚಿ ಇಡುತ್ತಾರೆ, ಆದರೂ ಬಿಟ್ಟ ಗಳಿಗೆಯಲ್ಲೇ ಬಂದು ಎರಗುತ್ತದೆ. ಗಂಟಲ ಗೆರೆ ನಾನೂ ನೋಡಿದ್ದೇನೆ. ಹಾಗಾಗಿ ಮಂಡ್ಯದಲ್ಲೂ ಜುಟ್ಟಿನ ಗಿಡುಗ ಇದೆ ಅಂತ ಬರೆದುಕೊಳ್ಳಿ.

ಹುಣಸೂರು ಮೇಷ್ಟ್ರು
ಬರೆದುಕೊಳ್ಳುವ ಮುಂಚೆ ಸ್ವಲ್ಪ ತಾಳ್ಮೆ ಇರಲಿ. ಗಂಟಲ ಗೆರೆ ಒಂದನ್ನೇ ನೋಡಿ ಹೆಸರು ಹೇಳಬಾರದು. ನಮ್ಮ ಕಡೆ ಗಂಟಲಿನ ನಡುವೆ ಗೆರೆ ಇರುವ ಗಿಡುಗ ಮೂರು: ಶಿಕ್ರಾ, ಬೆಸ್ರಾ, ಜುಟ್ಟಿನ ಗಿಡುಗ. ಶಿಕ್ರಾಗೆ ತೆಳು ಗೆರೆ, ದೊಡ್ಡ ಶಿಕ್ರಾದಲ್ಲಿ ಬೂದು ಬಣ್ಣದ್ದು, ಎಷ್ಟೋ ಸಲ ಕಾಣುವುದೇ ಇಲ್ಲ. ಆದರೆ ಮರಿ ಶಿಕ್ರಾದಲ್ಲಿ ಚೆನ್ನಾಗಿ ಎದ್ದು ಕಾಣುತ್ತದೆ. ಬೆಸ್ರಾಗೆ ದಪ್ಪ ಗೆರೆ. ಜುಟ್ಟಿನ ಗಿಡುಗಕ್ಕೆ ನಡುವೆ ಕಪ್ಪು ಗೆರೆ, ಎರಡು ಪಕ್ಕದಲ್ಲಿ ಮೀಸೆಯ ಹಾಗೆ ಇನ್ನೆರಡು. ಟ್ರೈವಿರ್ಗೇಟಾ ಅಂದರೆ ಮೂರು ಗೆರೆಯದು ಅಂತಲೇ ಅರ್ಥ.

ಎದೆ ಮೇಲೆ ಹನಿ ಹನಿ ಗೆರೆ ಇದ್ದರೆ ನನಗೆ ಮೊದಲು ನೆನಪಿಗೆ ಬರುವುದು ಮರಿ ಶಿಕ್ರಾ. ಬೇಸಿಗೆಯಲ್ಲಿ ಗೂಡು ಬಿಟ್ಟ ಮರಿಗಳು ಈಗ ಎಲ್ಲ ಕಡೆ ಇರುತ್ತವೆ.

ಏರಿನಡಿಗೆ, ಮೈಸೂರು
ಮೇಷ್ಟ್ರೇ, ಆದರೆ ಜುಟ್ಟು?

ಹುಣಸೂರು ಮೇಷ್ಟ್ರು
ಗಾಳಿ. ಬೆಳಿಗ್ಗೆ ಬೆಟ್ಟದ ಮೇಲೆ ಹಿಂದಿನಿಂದ ಗಾಳಿ ಬೀಸಿದರೆ ಯಾವ ಹಕ್ಕಿಯ ಪುಕ್ಕವೂ ಏಳುತ್ತದೆ. ನಿಮ್ಮ ಫೋಟೋದಲ್ಲಿ ಬೆನ್ನಿನ ಪುಕ್ಕವೂ ಎದ್ದಿದೆ ನೋಡಿ.

ಬಂಡೀಪುರ ಬಸ್ಸು
ಜುಟ್ಟು ಅಂದರೆ ನಾಗರಹೊಳೆಯಲ್ಲಿ ದಿನಾ ಕಾಣುತ್ತದಲ್ಲ, ಕಬಿನಿ ಸಫಾರಿಯಲ್ಲಿ ಎಲ್ಲರೂ ಫೋಟೋ ತೆಗೆಯುತ್ತಾರೆ. ತಲೆ ಮೇಲೆ ಉದ್ದ ಜುಟ್ಟು ನೆಟ್ಟಗೆ ನಿಂತಿರುತ್ತದೆ. ಅದೇ ಅಲ್ವಾ ಇದು?

ಕಾಡಂಚು, ಎಚ್.ಡಿ. ಕೋಟೆ
ಅಲ್ಲ ಅಣ್ಣ. ನೀವು ಹೇಳುವುದು ಕ್ರೆಸ್ಟೆಡ್ ಹಾಕ್ ಈಗಲ್. ಅದು ಹದ್ದಿನಷ್ಟು ದೊಡ್ಡದು, ಅರವತ್ತು ಸೆಂಟಿಮೀಟರಿನ ಮೇಲೆಯೇ. ಕಾಲಿನ ಬೆರಳವರೆಗೂ ಪುಕ್ಕ ಇರುತ್ತದೆ. ಅದರ ಕುಲ, ಅಂದರೆ ಹತ್ತಿರದ ಜಾತಿಗಳ ಗುಂಪು, ನಿಸೇಟಸ್. ಗಿಡುಗಗಳ ಗುಂಪೇ ಅಲ್ಲ. ಜುಟ್ಟಿನ ಗಿಡುಗ 30ರಿಂದ 46 ಸೆಂಟಿಮೀಟರ್. ಅದರ ಜುಟ್ಟು ಮೋಟು, ತಲೆಯ ಹಿಂದೆ ಚಿಕ್ಕ ಮೂಲೆ ಚಾಚಿದ ಹಾಗೆ. ಹಾರುವಾಗ ಕಾಣುವುದೇ ಇಲ್ಲ. ಇಬ್ಬರ ಹೆಸರಲ್ಲೂ ಕ್ರೆಸ್ಟೆಡ್ ಇರುವುದರಿಂದ ಈ ಗೊಂದಲ ನಮ್ಮ ಕಡೆ ಬಹಳ. ಸಫಾರಿ ಜೀಪಿನಲ್ಲಿ ನಾನು ಎಷ್ಟು ಸಲ ಇದನ್ನೇ ಹೇಳಿದ್ದೇನೋ.

ಗಂಗೋತ್ರಿ ಲ್ಯಾಬ್
ಹೆಸರಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನನಗೆ ಬಹಳ ಇಷ್ಟವಾದ ವಿಷಯ, ಹಾಗಾಗಿ ಉದ್ದ ಆಗುತ್ತದೆ.

ಎರಡೂ ಒಂದೇ ಹಕ್ಕಿ. 1824ರಲ್ಲಿ ಟೆಮ್ಮಿಂಕ್ ಎಂಬ ಡಚ್ ಪಕ್ಷಿತಜ್ಞ ಸುಮಾತ್ರಾದಿಂದ ಬಂದ ಹಕ್ಕಿ ನೋಡಿ ಇದನ್ನು ಫಾಲ್ಕೋ ಟ್ರೈವಿರ್ಗೇಟಸ್ ಅಂತ ಕರೆದ. ಆ ಕಾಲದಲ್ಲಿ ಬೇಟೆ ಹಕ್ಕಿಗಳನ್ನೆಲ್ಲ ಹೆಚ್ಚುಕಡಿಮೆ ಫಾಲ್ಕೋ ಅನ್ನುವ ಒಂದೇ ಚೀಲಕ್ಕೆ ಹಾಕುತ್ತಿದ್ದರು. ಆಮೇಲೆ ಗಿಡುಗಗಳೆಲ್ಲ ಅಕ್ಸಿಪಿಟರ್ ಕುಲಕ್ಕೆ ಬಂದವು. ಮೋಟು ಅಗಲ ರೆಕ್ಕೆ, ಉದ್ದ ಬಾಲ, ಮರಗಳ ನಡುವೆ ನುಗ್ಗಿ ಹಿಡಿಯುವ ಬೇಟೆ. ಮೈಕಟ್ಟು ಒಂದೇ, ಹಾಗಾಗಿ ಮನೆತನವೂ ಒಂದೇ ಅಂದುಕೊಂಡರು. ಕೊನೆಗೆ ಆ ಕುಲದಲ್ಲಿ ಸುಮಾರು 50 ಜಾತಿ ಸೇರಿದವು. ಬೇಟೆ ಹಕ್ಕಿಗಳಲ್ಲೇ ದೊಡ್ಡ ಕುಲ ಅದು.

ಡಿಎನ್‌ಎ ನೋಡಲು ಶುರು ಮಾಡಿದ ಮೇಲೆ ತೊಂದರೆ ಬಂತು. ಹ್ಯಾರಿಯರ್ ಗೊತ್ತಲ್ಲ, ಚಳಿಗಾಲದಲ್ಲಿ ನಮ್ಮ ಬಯಲಿನ ಮೇಲೆ ತಗ್ಗಾಗಿ ತೇಲುತ್ತಾ ಹೋಗುವ ಹಕ್ಕಿ. ನೋಡಲು ಗಿಡುಗದ ಹಾಗೆ ಇಲ್ಲವೇ ಇಲ್ಲ. ಆದರೆ ವಂಶವೃಕ್ಷ ಬರೆದರೆ ಹ್ಯಾರಿಯರ್ ಹೋಗಿ ಅಕ್ಸಿಪಿಟರ್ ಗುಂಪಿನ ಒಳಗೇ ಕೂರುತ್ತದೆ. ದೊಡ್ಡ ಗಾಸ್‌ಹಾಕ್‌ಗೆ ಶಿಕ್ರಾಗಿಂತ ಹ್ಯಾರಿಯರ್ ಹತ್ತಿರದ ನೆಂಟ. ಹೀಗಿರುವಾಗ ಇರುವುದು ಎರಡೇ ದಾರಿ. ಹ್ಯಾರಿಯರನ್ನೂ ಅಕ್ಸಿಪಿಟರ್ ಅನ್ನಬೇಕು, ಇಲ್ಲ ಅಕ್ಸಿಪಿಟರನ್ನು ಒಡೆಯಬೇಕು. 2024ರಲ್ಲಿ ಬಂದ ದೊಡ್ಡ ಅಧ್ಯಯನದ ಮೇಲೆ ಒಡೆದರು. ಅದೇ ವರ್ಷ ಅಕ್ಟೋಬರಿನಲ್ಲಿ, ನಾವು ನೋಡಿದ ಹಕ್ಕಿ ದಾಖಲಿಸುವ ಇ-ಬರ್ಡ್ ತಾಣದ ಪಟ್ಟಿಯೂ ಬದಲಾಯಿತು.

ಈಗ ಯುರೇಷಿಯನ್ ಸ್ಪ್ಯಾರೋಹಾಕ್ ಮತ್ತು ಅದರ ಹತ್ತಿರದವು ಮಾತ್ರ ಅಕ್ಸಿಪಿಟರ್. ದೊಡ್ಡ ಗಾಸ್‌ಹಾಕ್‌ಗಳು ಆಸ್ಟರ್. ನಮ್ಮ ಶಿಕ್ರಾ, ಬೆಸ್ರಾ ಎರಡೂ ಟ್ಯಾಕಿಸ್ಪೈಜಾ. ಆಫ್ರಿಕಾದ ಕೆಲವು ಏರೋಸ್ಪೈಜಾ. ಜುಟ್ಟಿನ ಗಿಡುಗ ಮತ್ತು ಇಂಡೋನೇಷ್ಯಾದ ಸುಲವೇಸಿ ಗಿಡುಗ ಲೋಫೋಸ್ಪೈಜಾ. ಈ ಎರಡು ಉಳಿದ ಎಲ್ಲ ಗಿಡುಗಗಳಿಂದ ದೂರ. ಅಂದರೆ ಜುಟ್ಟಿನ ಗಿಡುಗಕ್ಕೆ ಗಾಸ್‌ಹಾಕ್ ಅನ್ನುವ ಇಂಗ್ಲಿಷ್ ಹೆಸರು ಇದೆ, ಆದರೆ ಅಸಲಿ ಗಾಸ್‌ಹಾಕ್ ಜೊತೆ ಹತ್ತಿರದ ನೆಂಟಸ್ತಿಕೆ ಇಲ್ಲ.

ಹಳೇ ಬೈನಾಕ್ಯುಲರ್
ಇದೇ ನನಗೆ ಬೇಸರ. ಮೂವತ್ತು ವರ್ಷ ಅಕ್ಸಿಪಿಟರ್ ಅಂತ ಬರೆದೆ. ನೋಟ್‌ಬುಕ್ಕುಗಳು ಕಪಾಟಿನ ತುಂಬ ಇವೆ. ಈಗ ಎಲ್ಲವೂ ಬೇರೆ. ನಾಳೆ ಇನ್ನೊಬ್ಬರು ಬಂದು ಇನ್ನೊಂದು ಹೊಸ ಹೆಸರು ಇಡುತ್ತಾರೆ. ಕಾಡಿನಲ್ಲಿ ನಿಂತು ನೋಡುವವನಿಗೆ ಇದರಿಂದ ಏನು ಉಪಯೋಗ?

ಗಂಗೋತ್ರಿ ಲ್ಯಾಬ್
ಸರ್, ನಿಮ್ಮ ನೋಟ್‌ಬುಕ್ಕುಗಳ ಬೆಲೆ ಒಂದು ಚೂರೂ ಕಡಿಮೆ ಆಗುವುದಿಲ್ಲ. ದಿನಾಂಕ, ಜಾಗ, ಹಕ್ಕಿ ಇವು ಇದ್ದರೆ ಸಾಕು. ಇನ್ನೊಂದು ಮಾತು. ಲೋಫೋಸ್ಪೈಜಾ ಹೊಸ ಹೆಸರಲ್ಲ. ಕೌಪ್ ಎಂಬ ಜರ್ಮನ್ ವಿಜ್ಞಾನಿ 1844ರಲ್ಲೇ ಇಟ್ಟಿದ್ದು. ಲೋಫೋಸ್ ಅಂದರೆ ಗ್ರೀಕಿನಲ್ಲಿ ಜುಟ್ಟು. ಹಳೆಯದನ್ನು ಕಪಾಟಿನಿಂದ ಹೊರಗೆ ತೆಗೆದಿದ್ದಾರೆ ಅಷ್ಟೇ. ಟ್ಯಾಕಿಸ್ಪೈಜಾ ಕೂಡ ಅವನದೇ.

ನೇರಳೆಮರ
ಟ್ರೈವಿರ್ಗೇಟಸ್ ಇದ್ದದ್ದು ಟ್ರೈವಿರ್ಗೇಟಾ ಆಗಿದ್ದು ಯಾಕೆ? ತಪ್ಪು ಅಚ್ಚಾ?

ಗಂಗೋತ್ರಿ ಲ್ಯಾಬ್
ತಪ್ಪಲ್ಲ. ಲೋಫೋಸ್ಪೈಜಾ ಹೆಣ್ಣು ಲಿಂಗದ ಪದ. ಜೊತೆಗೆ ಬರುವ ವಿಶೇಷಣವೂ ಹಾಗೇ ಬದಲಾಗಬೇಕು. ಶಿಕ್ರಾ ಕೂಡ ಬೇಡಿಯಸ್ ಇದ್ದದ್ದು ಬೇಡಿಯಾ ಆಯಿತು.

ಹಳೇ ಬೈನಾಕ್ಯುಲರ್
ವ್ಯಾಕರಣ ಒಪ್ಪಿದೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಕಾಡಿನಲ್ಲಿ ಏನು ಉಪಯೋಗ?

ಕಾಡಂಚು, ಎಚ್.ಡಿ. ಕೋಟೆ
ನನಗೆ ಉಪಯೋಗ ಆಗಿದೆ ಸರ್. ಮೊದಲು ನಾನು ಇದನ್ನು ದೊಡ್ಡ ಶಿಕ್ರಾ ಅಂತಲೇ ತಿಳಿದಿದ್ದೆ. ಹಾಗಾಗಿ ಶಿಕ್ರಾ ಇರುವ ಜಾಗದಲ್ಲೇ ಹುಡುಕುತ್ತಿದ್ದೆ. ಬೇರೆ ಮನೆತನ ಅಂತ ಗೊತ್ತಾದ ಮೇಲೆ ಅದರ ಹಾರಾಟವನ್ನು ಬೇರೆಯಾಗಿಯೇ ನೋಡಲು ಶುರು ಮಾಡಿದೆ. ರೆಕ್ಕೆ ನೋಡಿ, ಮೈಗೆ ಸೇರುವ ಕಡೆ ಹಿಂಡಿದ ಹಾಗೆ ಕಿರಿದು, ನಡುವೆ ಉಬ್ಬು, ತುದಿ ಗುಂಡಗೆ. ಬೆಳಿಗ್ಗೆ ಬಿಸಿಲೇರುವಾಗ ಮರದ ನೆತ್ತಿ ಮೇಲೆ ಸುತ್ತುತ್ತದೆ. ಗೂಡಿನ ಕಾಲದಲ್ಲಿ ರೆಕ್ಕೆ ಇಳಿಬಿಟ್ಟು ಪಟಪಟ ಅಂತ ನಡುಗಿಸುತ್ತದೆ. ಆಗ ಬಾಲದ ಬುಡದಲ್ಲಿ ಬಿಳಿ ಪುಕ್ಕ ಹತ್ತಿಯ ಹಾಗೆ ಉಬ್ಬಿ ಎರಡು ಪಕ್ಕಕ್ಕೂ ಚಾಚಿರುತ್ತದೆ. ಅದನ್ನು ಒಂದು ಸಲ ನೋಡಿದರೆ ಮತ್ತೆ ಯಾವ ಹಕ್ಕಿಯ ಜೊತೆಗೂ ಗೊಂದಲ ಆಗುವುದಿಲ್ಲ.

ಮಂಕರಿ, ಮಂಡ್ಯ
ಅಂದರೆ ನಮ್ಮ ಕೋಳಿಮರಿ ಕದ್ದಿದ್ದು ಯಾವುದು? ಅದನ್ನು ಯಾರೂ ಹೇಳಲಿಲ್ಲ.

ಹುಣಸೂರು ಮೇಷ್ಟ್ರು
ನೂರಕ್ಕೆ ತೊಂಬತ್ತೊಂಬತ್ತು ಶಿಕ್ರಾ. ಬಯಲು, ತೋಟ, ಊರ ಅಂಚು, ಹುಣಸೆ ತೋಪು, ಮೈಸೂರಿನ ಹಳೇ ಬಡಾವಣೆ, ಎಲ್ಲ ಕಡೆ ಇರುವ ಗಿಡುಗ ಅದೊಂದೇ. ಓತಿಕ್ಯಾತ, ಇಲಿ, ಸಣ್ಣ ಹಕ್ಕಿ, ಸಿಕ್ಕರೆ ಕೋಳಿಮರಿ. ಆಫ್ರಿಕಾದಿಂದ ಹಿಡಿದು ಇರಾನ್, ಮಧ್ಯ ಏಷ್ಯಾ, ಇಡೀ ಭಾರತ, ಆಚೆ ಆಗ್ನೇಯ ಏಷ್ಯಾದವರೆಗೂ ಇದೆ. ಅಷ್ಟು ದೂರ ಹರಡಿರುವುದೇ ಎಂಥ ಜಾಗದಲ್ಲೂ ಬದುಕುತ್ತದೆ ಅನ್ನುವುದಕ್ಕೆ ಸಾಕ್ಷಿ. ಮುಂದಿನ ಸಲ ಕಣ್ಣು ನೋಡಿ. ದೊಡ್ಡ ಗಂಡಾದರೆ ಕಣ್ಣು ಕೆಂಪು, ಬೆನ್ನು ಬೂದು, ಎದೆ ಮೇಲೆ ಅಡ್ಡಡ್ಡ ತೆಳು ಕೆಂಗಂದು ಗೆರೆ, ಬಾಲದ ನಡುವಿನ ಗರಿಯಲ್ಲಿ ಪಟ್ಟೆ ಇರುವುದಿಲ್ಲ.

ಮಂಕರಿ, ಮಂಡ್ಯ
ಸರಿ ಮೇಷ್ಟ್ರೇ, ನೋಡುತ್ತೇನೆ. ಆದರೆ ಅದು ಒಂದು ಗಳಿಗೆ ನಿಂತರೆ ತಾನೆ.

ನೇರಳೆಮರ
ನಮ್ಮ ಅಜ್ಜಿ ಊರಲ್ಲಿ ಹದ್ದು ಅನ್ನುತ್ತಿದ್ದರು, ಗಿಡುಗ ಅನ್ನುತ್ತಿದ್ದರು, ಎರಡನ್ನೂ ಬೇರೆ ಬೇರೆಯಾಗಿಯೇ. ಹದ್ದು ಮೇಲೆ ಸುತ್ತುತ್ತಾ ಬಂದು ಎತ್ತುತ್ತದೆ, ಗಿಡುಗ ಮರದಿಂದ ನೇರವಾಗಿ ಎರಗುತ್ತದೆ ಅನ್ನುತ್ತಿದ್ದರು. ಆಕೆಗೆ ಓದು ಬರುತ್ತಿರಲಿಲ್ಲ. ಆದರೆ ಬೇಟೆಯ ರೀತಿ ನೋಡಿ ಗುಂಪು ಮಾಡಿದ್ದರು.

ಹಳೇ ಬೈನಾಕ್ಯುಲರ್
ಅಜ್ಜಿಯ ವರ್ಗೀಕರಣವೇ ನನಗೆ ಇಷ್ಟ ಆಯಿತು ತಾಯಿ. ಡೇಗೆ ಅಂತ ಇನ್ನೊಂದು ಹಳೇ ಕನ್ನಡ ಪದವೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಕಾಲಕ್ಕೇ, ಅಂದರೆ 12ನೇ ಶತಮಾನದಲ್ಲೇ, ಗಿಡುಗ ಪಳಗಿಸಿ ಬೇಟೆ ಆಡಿಸುವುದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ನಮ್ಮವರು ಈ ಹಕ್ಕಿಗಳನ್ನು ಹತ್ತಿರದಿಂದ ನೋಡಿದ್ದರು.

ಬಂಡೀಪುರ ಬಸ್ಸು
ಈಗಲೂ ಪಳಗಿಸಬಹುದಾ? ಮಂಡ್ಯದವರು ಹಿಡಿದು ಸಾಕಬಹುದಲ್ವಾ?

ಕಾಡಂಚು, ಎಚ್.ಡಿ. ಕೋಟೆ
ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗಿಡುಗ ಹಿಡಿಯುವುದು, ಸಾಕುವುದು ಎರಡೂ ಅಪರಾಧ. ಮರಿಗಳನ್ನು ಬಲೆ ಹಾಕಿದ ಗೂಡಿನಲ್ಲಿ ಬಿಡಿ. ಮೇಲ್ಗಡೆಯೂ ಬಲೆ ಇರಬೇಕು, ಅದನ್ನು ಮರೆಯಬೇಡಿ.

ಏರಿನಡಿಗೆ, ಮೈಸೂರು
ಎಲ್ಲರಿಗೂ ಥ್ಯಾಂಕ್ಸ್. ಜುಟ್ಟಿನ ಗಿಡುಗ ಎಲ್ಲೆಲ್ಲಿ ಇದೆ ಅನ್ನುವುದು ಇನ್ನೂ ಬಂದಿಲ್ಲ. ನಕ್ಷೆ ನೋಡಿದೆ. ಪಶ್ಚಿಮ ಘಟ್ಟದ ಉದ್ದಕ್ಕೆ ಒಂದು ಪಟ್ಟಿ, ಶ್ರೀಲಂಕಾ, ಆಮೇಲೆ ಎಲ್ಲೋ ದೂರ ಹಿಮಾಲಯದ ಬುಡ. ನಡುವೆ ಹೆಚ್ಚುಕಡಿಮೆ ಖಾಲಿ. ಒಂದೇ ಹಕ್ಕಿ ಇಷ್ಟು ದೂರದ ಎರಡು ಕಡೆ ಹೇಗೆ ಇರುತ್ತದೆ?

ಗಂಗೋತ್ರಿ ಲ್ಯಾಬ್
ಒಳ್ಳೇ ಪ್ರಶ್ನೆ. ಹಿಮಾಲಯದ ತಪ್ಪಲಿನಿಂದ ನೇಪಾಳ, ಈಶಾನ್ಯ ಭಾರತ, ಮ್ಯಾನ್ಮಾರ್, ದಕ್ಷಿಣ ಚೀನಾ, ತೈವಾನ್, ಥಾಯ್ಲೆಂಡ್, ಮಲೇಷ್ಯಾ, ಸುಮಾತ್ರಾ, ಜಾವಾ, ಬೋರ್ನಿಯೋ, ಫಿಲಿಪೀನ್ಸ್. ಇದು ಅದರ ದೊಡ್ಡ ಮನೆ. ನಮ್ಮ ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಅದರಿಂದ ಕಡಿದು ಉಳಿದ ತುಂಡುಗಳು.

ಒಟ್ಟು 11 ಉಪಜಾತಿ ಗುರುತಿಸಿದ್ದಾರೆ. ನಮ್ಮದು ಪೆನಿನ್ಸುಲೇ, 1949ರಲ್ಲಿ ಕೋಲ್ಜ್ ಹೆಸರಿಟ್ಟಿದ್ದು. ಶ್ರೀಲಂಕಾದ್ದು ಲೇಯಾರ್ಡಿ, 1936. ಹಿಮಾಲಯದ ಕಡೆಯದು ಇಂಡಿಕಾ, 1836ರಲ್ಲಿ ಹಾಡ್ಜ್‌ಸನ್ ನೇಪಾಳದಲ್ಲಿ ಇದ್ದಾಗ ಬರೆದದ್ದು. ತೈವಾನಿನದು ಫಾರ್ಮೋಸೇ. ಉಳಿದವು ಬಹುತೇಕ ಒಂದೊಂದು ದ್ವೀಪಕ್ಕೆ ಒಂದೊಂದು.

ನಡುವೆ ಖಾಲಿ ಇರುವುದು ಇದೊಂದಕ್ಕೇ ಅಲ್ಲ. ದೊಡ್ಡ ಮಂಗಟ್ಟೆ ನೋಡಿ, ದಾಂಡೇಲಿಯಲ್ಲಿದೆ, ಅರುಣಾಚಲದಲ್ಲಿದೆ, ನಡುವಿನ ಒಣ ನಾಡಿನಲ್ಲಿ ಇಲ್ಲ. ಫೇರಿ ಬ್ಲೂಬರ್ಡ್ ಕೂಡ ಹಾಗೇ. ಸುಂದರ್ ಲಾಲ್ ಹೋರಾ ಎಂಬ ಮೀನು ವಿಜ್ಞಾನಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಹಿಂದೆ ಹವಾಮಾನ ತೇವವಾಗಿದ್ದಾಗ ಸಾತ್ಪುರ ಬೆಟ್ಟಸಾಲು ಸೇತುವೆಯ ಹಾಗೆ ಇತ್ತು, ಅದರ ಮೇಲೆ ಪೂರ್ವದ ಜೀವಿಗಳು ಪಶ್ಚಿಮ ಘಟ್ಟಕ್ಕೆ ಬಂದವು ಅಂತ. ಎಲ್ಲ ವಿಜ್ಞಾನಿಗಳೂ ಇದನ್ನು ಒಪ್ಪುವುದಿಲ್ಲ. ಆದರೆ ಕಾಡು ಒಣಗಿದಾಗ ನಡುವಿನ ಹಕ್ಕಿಗಳು ಹೋಗಿ ಎರಡು ತುದಿಯವು ಉಳಿದವು ಅನ್ನುವ ಮಾತು ನನಗೆ ಸರಿ ಅನ್ನಿಸುತ್ತದೆ.

ಹಳೇ ಬೈನಾಕ್ಯುಲರ್
ಹಾಗಾದರೆ ಎರಡು ತುದಿಯವು ಒಂದೇ ಜಾತಿ ಅಂತ ಹೇಗೆ ಹೇಳುತ್ತೀರಿ? ಸಾವಿರಾರು ವರ್ಷ ಬೇರೆಯಾಗಿ ಇದ್ದವು. ಕುಲ ಒಡೆಯುವ ಉತ್ಸಾಹ ಇಲ್ಲೂ ತೋರಿಸಬಹುದಲ್ಲ.

ಗಂಗೋತ್ರಿ ಲ್ಯಾಬ್
ಸರ್, ಇದು ನಿಜವಾಗಿಯೂ ಕೇಳಬೇಕಾದ ಮಾತು. ಈಗಿನ ಉಪಜಾತಿಗಳನ್ನು ಮಾಡಿದ್ದು ಗಾತ್ರ ಮತ್ತು ಬಣ್ಣದ ಮೇಲೆ. ದಕ್ಷಿಣದ್ದು ಚಿಕ್ಕದು, ಹಿಮಾಲಯದ್ದು ದೊಡ್ಡದು. ಅಷ್ಟರ ಮೇಲೆ ಬೇರೆ ಜಾತಿ ಅನ್ನಲು ಆಗುವುದಿಲ್ಲ. ಕೂಗು, ಡಿಎನ್‌ಎ ಎರಡನ್ನೂ ಹತ್ತಾರು ಜಾಗದಿಂದ ಕಲೆಹಾಕಬೇಕು. ನಿಮ್ಮಂಥವರ ನೋಟ್‌ಬುಕ್ಕು ಬೇಕಾಗುವುದು ಅಲ್ಲೇ.

ನೇರಳೆಮರ
ನನ್ನ ತಮ್ಮ ಸಿಂಗಪುರದಲ್ಲಿ ಇದ್ದಾನೆ. ಅವನ ಮನೆ ಹತ್ತಿರದ ಪಾರ್ಕಿನಲ್ಲೇ ಈ ಹಕ್ಕಿ ಗೂಡು ಮಾಡಿದೆ, ಫೋಟೋ ಕಳಿಸಿದ್ದ. ತೈಪೆ ನಗರದ ಪಾರ್ಕಿನಲ್ಲೂ ಗೂಡು ಇದೆ ಅಂತ ಎಲ್ಲರಿಗೂ ಗೊತ್ತು, ಕ್ಯಾಮೆರಾ ಇಟ್ಟು ತೋರಿಸುತ್ತಾರೆ. ಅಷ್ಟು ದೊಡ್ಡ ಊರುಗಳಲ್ಲಿ ಇರುವುದಾದರೆ ಮೈಸೂರಲ್ಲಿ ಯಾಕೆ ಇರಬಾರದು? ಕುಕ್ಕರಹಳ್ಳಿ ಸುತ್ತ ಎಷ್ಟು ಮರ ಇದೆ!

ಹುಣಸೂರು ಮೇಷ್ಟ್ರು
ಇದು ಬಲವಾದ ವಾದ ತಾಯಿ. ನಾನೂ ಯೋಚಿಸಿದೆ. ಸಿಂಗಪುರದಲ್ಲಿ ವರ್ಷವಿಡೀ ಮಳೆ. ಎಲೆ ಉದುರುವುದೇ ಇಲ್ಲ. ತೈಪೆಯ ಬೆನ್ನಿಗೇ ಹಸಿರು ಬೆಟ್ಟ ಇದೆ, ಅಲ್ಲಿಂದ ಹಕ್ಕಿ ಪಾರ್ಕಿಗೆ ಇಳಿಯಲು ದೂರ ಇಲ್ಲ. ನಮ್ಮಲ್ಲಿ ನೋಡಿ. ಮಂಡ್ಯಕ್ಕೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ, ಮೈಸೂರಿಗೆ ಸ್ವಲ್ಪ ಜಾಸ್ತಿ. ಮಡಿಕೇರಿಗೆ ಅದರ ನಾಲ್ಕು ಪಟ್ಟು. ನೂರಿಪ್ಪತ್ತು ಕಿಲೋಮೀಟರ್ ದೂರದಲ್ಲಿ ಇಷ್ಟು ವ್ಯತ್ಯಾಸ. ಹುಣಸೂರು ದಾಟಿ ನಾಗರಹೊಳೆ ಒಳಗೆ ಹೋಗುತ್ತಾ ಹೋದರೆ ಮರಗಳು ಎತ್ತರ ಆಗುವುದು ಕಣ್ಣಿಗೇ ಕಾಣುತ್ತದೆ. ಆ ಎತ್ತರದ ಕಾಡಿನಲ್ಲಿ ಜುಟ್ಟಿನ ಗಿಡುಗ ಇದೆ, ನಾನು ನೋಡಿದ್ದೇನೆ. ಬಿಳಿಗಿರಿರಂಗನ ಬೆಟ್ಟದ ಮೇಲ್ಭಾಗದಲ್ಲೂ ನೋಡಿದ್ದೇನೆ. ಚಾಮುಂಡಿ ಬೆಟ್ಟ ಸಾವಿರ ಮೀಟರ್ ದಾಟುತ್ತದೆ ನಿಜ, ಆದರೆ ಅದರ ಮೈ ಮೇಲೆ ಇರುವುದು ಕುರುಚಲು. ಎತ್ತರ ಒಂದೇ ಸಾಲದು.

ನೇರಳೆಮರ
ಒಪ್ಪುತ್ತೇನೆ. ಆದರೆ ಮರಿಗಳು ಬೆಳೆದ ಮೇಲೆ ಜಾಗ ಹುಡುಕಿಕೊಂಡು ಹೊರಗೆ ಹೋಗಲೇಬೇಕಲ್ಲ. ಒಂದು ಮರಿ ಹಾದಿ ತಪ್ಪಿ ಚಾಮುಂಡಿಗೆ ಬಂದಿದ್ದರೆ?

ಹುಣಸೂರು ಮೇಷ್ಟ್ರು
ಬರಬಹುದು. ಬರುವುದೇ ಇಲ್ಲ ಅಂತ ನಾನು ಹೇಳಿಲ್ಲ. ಬಂದರೆ ಅದಕ್ಕೆ ತಕ್ಕ ಸಾಕ್ಷಿ ಬೇಕು ಅಂತ ಮಾತ್ರ ನನ್ನ ಹಟ. ಒಂದು ತಪ್ಪು ದಾಖಲೆ ನಕ್ಷೆಯಲ್ಲಿ ಕೂತರೆ ಹತ್ತು ವರ್ಷ ಹೋಗುವುದಿಲ್ಲ. ಮುಂದೆ ಯಾರೋ ಅದನ್ನೇ ನಂಬಿ, ಈ ಹಕ್ಕಿಗೆ ಕುರುಚಲು ಕಾಡು ಸಾಕು, ದಟ್ಟ ಕಾಡು ಬೇಕಿಲ್ಲ ಅಂತ ಬರೆಯುತ್ತಾರೆ. ಆಗ ನಷ್ಟ ಆಗುವುದು ಕಾಡಿಗೆ.

ದೂರದರ್ಶಕ 22
ಫೋಟೋ ದೊಡ್ಡದು ಮಾಡಿ ನೋಡಿದೆ. ಎಲ್ಲರೂ ಕೂತಿರುವ ಫೋಟೋ ಮೇಲೆ ವಾದ ಮಾಡುತ್ತಿದ್ದೀರಿ. ಮಸುಕಾಗಿರುವ ಮೂರನೇ ಫೋಟೋದಲ್ಲೇ ಉತ್ತರ ಇದೆ. ರೆಕ್ಕೆ ತುದಿಯಲ್ಲಿ ಬೆರಳಿನ ಹಾಗೆ ಬಿಡಿಬಿಡಿಯಾಗಿ ಚಾಚಿರುವ ಗರಿ ಎಣಿಸಿ. ಜುಟ್ಟಿನ ಗಿಡುಗಕ್ಕೆ ಆರು. ಶಿಕ್ರಾಗೆ ಐದು. ಇದರಲ್ಲಿ ಐದು. ಎರಡೂ ರೆಕ್ಕೆಯಲ್ಲಿ ಎಣಿಸಿದೆ, ಐದೇ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಉಬ್ಬೂ ಇಲ್ಲ. ಬಾಲದ ಪಟ್ಟೆ ಸಣ್ಣವು, ಹತ್ತಿರ ಹತ್ತಿರ. ಜುಟ್ಟಿನದಾದರೆ ಅಗಲ ಪಟ್ಟೆ ಮೂರು ನಾಲ್ಕು ಇರಬೇಕಿತ್ತು.

ಕಾಡಂಚು, ಎಚ್.ಡಿ. ಕೋಟೆ
ನಾನೂ ಎಣಿಸಿದೆ. ಐದು. ಕಾಲು ಕೂಡ ನೋಡಿ. ಜುಟ್ಟಿನದಕ್ಕೆ ಕಾಲು ಮೋಟು, ದಪ್ಪ. ಇದರದ್ದು ಹಾಗಿಲ್ಲ.

ಮೇಲುಕೋಟೆ ಮೆಟ್ಟಿಲು
ಐದು ಅಂದರೆ ಬೆಸ್ರಾ ಕೂಡ ಆಗಬಹುದು. ಬೆಸ್ರಾಗೂ ಐದೇ. ನಾನು ಹೋದ ವರ್ಷ ಮೇಲುಕೋಟೆಯಲ್ಲಿ ಬೆಸ್ರಾ ಅಂತ ಹಾಕಿದ್ದೆ, ಇದರ ಹಾಗೇ ಇತ್ತು.

ದೂರದರ್ಶಕ 22
ಬೆಸ್ರಾಗೆ ಗಂಟಲ ಗೆರೆ ದಪ್ಪ, ಬೆನ್ನು ಗಾಢ. ಅದೂ ಕಾಡಿನ ಹಕ್ಕಿಯೇ. ಇಲ್ಲಿ ಗೆರೆ ಪೆನ್ಸಿಲಿನಲ್ಲಿ ಎಳೆದಷ್ಟು ತೆಳುವಾಗಿದೆ. ನಿಮ್ಮ ಮೇಲುಕೋಟೆಯ ಫೋಟೋ ಇದ್ದರೆ ಹಾಕಿ, ಒಟ್ಟಿಗೆ ನೋಡೋಣ.

ಮೇಲುಕೋಟೆ ಮೆಟ್ಟಿಲು
ಹಾಕಿದ್ದೇನೆ. ಈಗ ನೋಡಿದರೆ ನನಗೇ ಅನುಮಾನ. ಗೆರೆ ತೆಳುವಾಗಿಯೇ ಇದೆ. ಆಗ ಬೆಸ್ರಾ ನೋಡಬೇಕು ಅನ್ನುವ ಆಸೆ ಜಾಸ್ತಿ ಇತ್ತು. ತಿದ್ದುತ್ತೇನೆ.

ಏರಿನಡಿಗೆ, ಮೈಸೂರು
ನಾನೂ ಎಣಿಸಿದೆ. ಐದು. ಮೊದಲು ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮೂರು ವರ್ಷದಲ್ಲಿ ನಾನು ರೆಕ್ಕೆ ಬೆರಳು ಎಣಿಸಿದ್ದು ಇದೇ ಮೊದಲು. ದಾಖಲೆಯನ್ನು ಶಿಕ್ರಾ ಅಂತ ತಿದ್ದಿದೆ. ತಿದ್ದುವಾಗ ಇನ್ನೊಂದು ಆಯ್ಕೆ ಕಂಡಿತು: ಹಿಂದಿನ ಅಕ್ಸಿಪಿಟರ್ ಗುಂಪಿನ ಯಾವುದೋ ಒಂದು ಗಿಡುಗ ಅಂತ. ಅದು ಯಾವಾಗ ಹಾಕಬೇಕು?

ಗಂಗೋತ್ರಿ ಲ್ಯಾಬ್
ಗಿಡುಗ ಅಂತ ಗೊತ್ತು, ಯಾವುದು ಅಂತ ಗೊತ್ತಿಲ್ಲ ಅಂದಾಗ. ಮರದ ಸಂದಿಯಲ್ಲಿ ಒಂದು ಕ್ಷಣ ಕಂಡು ಮಾಯ ಆಗುತ್ತದಲ್ಲ, ಅಂಥದ್ದಕ್ಕೆ. ಕುಲ ಐದಾಗಿ ಒಡೆದ ಮೇಲೆ ಆ ಹಳೇ ಗುಂಪಿಗೆ ಒಂದು ಜಾಗ ಬೇಕಲ್ಲ, ಅದಕ್ಕೆ ಮಾಡಿದ್ದಾರೆ. ಅದನ್ನು ಹಾಕಲು ಸಂಕೋಚ ಬೇಡ, ನನ್ನ ಪಟ್ಟಿಯಲ್ಲಿ ಬಹಳ ಇವೆ.

ಹಳೇ ಬೈನಾಕ್ಯುಲರ್
ಇದು ನನಗೆ ಹಿಡಿಸಿತು. ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಕಾರಂಜಿ ಕೆರೆಯ ಬೆಸ್ರಾ ಎರಡು ಇವೆ. ಅವನ್ನೂ ಈ ಜಾಗಕ್ಕೆ ಹಾಕಬೇಕು ಅನ್ನಿಸುತ್ತಿದೆ.

ಬಂಡೀಪುರ ಬಸ್ಸು
ಒಂದು ಅಡ್ಡ ಪ್ರಶ್ನೆ. ನಮ್ಮ ಮನೆ ಹಿಂದೆ ಶಿಕ್ರಾ ಕೂಗು ಕೇಳುತ್ತದೆ, ಹೋಗಿ ನೋಡಿದರೆ ಕಾಜಾಣ ಕೂತಿರುತ್ತದೆ. ದಿನಾ ಹೀಗೇ.

ನೇರಳೆಮರ
ಕಾಜಾಣ ಅನುಕರಣೆ ಮಾಡುತ್ತದೆ! ಶಿಕ್ರಾ ಕೂಗನ್ನು ಬಹಳ ಚೆನ್ನಾಗಿ ಕೂಗುತ್ತದೆ. ಇನ್ನೂ ಒಂದು ಇದೆ, ಬ್ರೈನ್ ಫೀವರ್ ಅಂತ ಕೂಗುವ ಕೋಗಿಲೆ ಜಾತಿಯ ಹಕ್ಕಿ. ಅದರ ಬಣ್ಣ, ಬಾಲದ ಪಟ್ಟೆ, ಹಾರಾಟ ಎಲ್ಲ ಶಿಕ್ರಾ ಹಾಗೇ. ಸಣ್ಣ ಹಕ್ಕಿಗಳು ಹೆದರಿ ಚೆದುರುತ್ತವೆ. ಕೊಕ್ಕು ನೋಡಿದರೆ ಗೊತ್ತಾಗುತ್ತದೆ, ಗಿಡುಗದ ಹಾಗೆ ಕೊಂಡಿ ಇರುವುದಿಲ್ಲ.

ಏರಿನಡಿಗೆ, ಮೈಸೂರು
ಕೊನೆಯ ಪ್ರಶ್ನೆ. ಅಸಲಿ ಜುಟ್ಟಿನ ಗಿಡುಗ ನೋಡಲು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ?

ಕಾಡಂಚು, ಎಚ್.ಡಿ. ಕೋಟೆ
ನಾಗರಹೊಳೆಯ ಕೊಡಗಿನ ಕಡೆ. ಕುಟ್ಟ, ಇರುಪ್ಪು ಸುತ್ತ, ಕಾಡಂಚಿನ ಕಾಫಿ ತೋಟಗಳ ರಸ್ತೆ. ಮುಂಜಾನೆ ಬೇಡ, ಮರದ ಒಳಗೆ ಕೂತಿದ್ದರೆ ಕಾಣುವುದಿಲ್ಲ. ಒಂಬತ್ತರಿಂದ ಹನ್ನೊಂದರ ನಡುವೆ, ಬಿಸಿಲು ಕಾಯ್ದ ಮೇಲೆ, ಕಣಿವೆ ಕಾಣುವ ಜಾಗದಲ್ಲಿ ನಿಂತು ಮರಗಳ ನೆತ್ತಿ ನೋಡುತ್ತಿರಿ. ಈಗ ಮಳೆ ಇದೆ, ಜಿಗಣೆ ಇದೆ. ಜನವರಿ ಮೇಲೆ ಬನ್ನಿ ಅಣ್ಣ, ನಾನೇ ಜೊತೆಗೆ ಬರುತ್ತೇನೆ.

ಹುಣಸೂರು ಮೇಷ್ಟ್ರು
ನಾನೂ ಬರುತ್ತೇನೆ. ಹಳೇ ಬೈನಾಕ್ಯುಲರ್ ಅವರೂ ನೋಟ್‌ಬುಕ್ಕು ತಂದರೆ ಒಳ್ಳೆಯದು.

ಮಂಕರಿ, ಮಂಡ್ಯ
ಇವತ್ತು ಬೆಳಿಗ್ಗೆ ಮತ್ತೆ ಬಂತು. ಬಲೆ ಹಾಕಿದ್ದೆ, ಮರಿ ಸಿಗಲಿಲ್ಲ. ಪಂಪ್‌ಸೆಟ್ ಮನೆಯ ಮೇಲೆ ಕೂತು ಹತ್ತು ನಿಮಿಷ ನೋಡುತ್ತಲೇ ಇತ್ತು. ಮೇಷ್ಟ್ರು ಹೇಳಿದ ಹಾಗೆ ಕಣ್ಣು ನೋಡಿದೆ, ಕೆಂಪು. ಬೆನ್ನು ಬೂದು. ಹಾರಿದಾಗ ಬಾಲದ ನಡುವಿನ ಗರಿಯಲ್ಲಿ ಪಟ್ಟೆ ಇರಲಿಲ್ಲ. ನಮ್ಮ ತಾಯಿಗೆ ಶಿಕ್ರಾ ಅಂತ ಹೇಳಿದೆ. ಗಿಡುಗ ಅಂತ ಆಗಲೇ ಹೇಳಿದ್ದೆನಲ್ಲೋ ಅಂದರು.